ಉಬ್ಬದ ಗಾದಿಯ ಲಾಲಸಾಬ

ಹಳೇ ಹುಬ್ಬಳ್ಳಿಯ ಈ ಓಣಿಯಲ್ಲಿ ಕೋಳಿ ಕೂಗುವುದಕ್ಕೂ ಮೊದಲು ಲಾಲಸಾಬರ ಬಿಲ್ಲು ಕೂಗುತ್ತದೆ. ಟುಂಯ್, ಟುಂಯ್, ಟಕ್. ಪಂಢರಿನಾಥ ಸಾವಕಾರರ ಗಾದಿ ಅಂಗಡಿಯ ಹಿಂದೆ ಒಂದು ತಗಡಿನ ಛಪ್ಪರವಿದೆ. ಅದರ ನಡುವೆ ತೊಲೆಯಿಂದ ಇಳಿಬಿಟ್ಟ ಹಗ್ಗಕ್ಕೆ ಆಳುದ್ದದ ಬಿಲ್ಲು ತೂಗುತ್ತಿದೆ. ಲಾಲಸಾಬರು ಎಡಗೈಯಲ್ಲಿ ಬಿಲ್ಲು ಹಿಡಿದು ಬಲಗೈಯ ಕೊಡತಿಯಿಂದ ಅದರ ತಂತಿಯನ್ನು ಬಡಿಯುತ್ತಾರೆ. ತಂತಿ ಅದುರಿದ ಹಾಗೆ, ಗಂಟು ಗಂಟಾಗಿದ್ದ ಅರಳೆ ಬಿಚ್ಚಿಕೊಂಡು ಎಳೆ ಎಳೆಯಾಗಿ ಹಾರಿ ಆಚೆ ಬೀಳುತ್ತದೆ. ಅವರ ಗಡ್ಡ, ಹುಬ್ಬು, ಕಿವಿಯ ಮೇಲಿನ ಕೂದಲು ಎಲ್ಲವೂ ಬೆಳ್ಳಗೆ. ಅದರಲ್ಲಿ ವಯಸ್ಸಿನದೆಷ್ಟು, ಹತ್ತಿಯದೆಷ್ಟು ಎಂಬುದು ಮಧ್ಯಾಹ್ನ ಮುಖ ತೊಳೆದಾಗಲೇ ತಿಳಿಯಬೇಕು.

ನಡುನಡುವೆ ಅವರು ಬಿಲ್ಲು ನಿಲ್ಲಿಸಿ ಒಂದು ಹಿಡಿ ಹತ್ತಿಯನ್ನೆತ್ತಿ ಬಾಗಿಲ ಬೆಳಕಿಗೆ ಹಿಡಿಯುತ್ತಾರೆ. ಕಸದ ಚುಕ್ಕೆ ಕಂಡರೆ ಹೆಕ್ಕಿ ಬಿಸಾಡುತ್ತಾರೆ, ಮತ್ತೆ ಬಡಿಯುತ್ತಾರೆ. ಅಷ್ಟರಲ್ಲಿ ಪಕ್ಕದ ಬಿಲ್ಲಿನ ಕಾಸಿಮಸಾಬ ಒಂದು ರಾಶಿ ಮುಗಿಸಿ ಎರಡನೆಯದಕ್ಕೆ ಕೈ ಹಚ್ಚಿರುತ್ತಾನೆ. ಇನ್ನೂ ಮೀಸೆ ಹುರಿ ಮಾಡುವ ವಯಸ್ಸಿನವನು, ನಾಲಿಗೆಯೂ ಅಷ್ಟೇ ಚುರುಕು.

"ಕಾಕಾ, ಒಂದೊಂದು ಎಳಿಗೂ ಹೆಸರಿಡಾಕತ್ತೀರೇನು?"

"ಹೆಸರಿಡಾಕ ಇನ್ನ ಎಲ್ಲಿಂದಪಾ, ಈಗರ ಅದರ ಮಾರಿ ನೋಡಾಕತ್ತೇನಿ," ಎನ್ನುತ್ತಾರೆ ಲಾಲಸಾಬರು, ಬಿಲ್ಲಿನಿಂದ ಕಣ್ಣು ತೆಗೆಯದೆ.

ಇವತ್ತು ಮಾತ್ರ ಆ ನಗೆಮಾತಿನ ಹಿಂದೆ ಒಂದು ಚಿಂತೆಯಿದೆ. ವೈಶಾಖದ ಲಗ್ನದ ಹಂಗಾಮು ಮುಗಿದಿದೆ. ಹಂಗಾಮು ಮುಗಿದ ದಿನ ಗಾದಿ ಅಂಗಡಿಯವರು ತಮ್ಮಲ್ಲಿ ಹತ್ತಿ ಹಿಂಜುವ ಪಿಂಜಾರರಿಗೆ ಬಿಲ್ಲಿಗೊಂದು ಹೊಸ ತಂತಿ ಕೊಡುವುದು ಈ ಓಣಿಯ ರೂಢಿ. ತಂತಿ ಸಿಕ್ಕವನಿಗೆ ಮುಂದಿನ ಹಂಗಾಮಿನ ತನಕ ಛಪ್ಪರದಲ್ಲಿ ಜಾಗವುಂಟು. ಸಿಗದವನು ಬಿಲ್ಲನ್ನು ಹೆಗಲಿಗೇರಿಸಿ, ಹಳೆಯ ಗಾದಿ ಹಿಂಜಿಸುತ್ತೀರಾ ಎಂದು ಕೂಗುತ್ತ ಊರು ತಿರುಗಬೇಕು. ತಂತಿ ಸತ್ತ ಪ್ರಾಣಿಯ ನರದ್ದಾದ್ದರಿಂದ ಮಡಿವಂತ ಪಂಢರಿನಾಥರು ಅದನ್ನು ಮುತ್ತಲ ಎಲೆಯ ಮೇಲಿರಿಸಿ, ಎಲೆಯ ಅಂಚು ಹಿಡಿದು ಮುಂದೆ ಸರಿಸುತ್ತಾರೆ. ಛಪ್ಪರದಲ್ಲಿರುವ ಪಿಂಜಾರರು ಮೂವರು: ಲಾಲಸಾಬ, ಕಾಸಿಮಸಾಬ, ಅಬ್ದುಲಮಜೀದ. ಯುರೋಪಿನ ಲಡಾಯಿ ಎರಡನೆಯ ವರ್ಷಕ್ಕೆ ಬಿದ್ದು ಬಟ್ಟೆ ತುಟ್ಟಿಯಾಗಿದೆ, ವ್ಯಾಪಾರ ಕುಗ್ಗಿದೆ. ಈ ಸಲ ತಂತಿ ಎರಡೇ ಎಂದು ಸಾವಕಾರರು ಹೋಳಿ ಹುಣ್ಣಿಮೆಗೇ ಸಾರಿಬಿಟ್ಟಿದ್ದಾರೆ. ಯಾರ ಗಾದಿ ಹೆಚ್ಚು ಮಾರುತ್ತದೆಯೋ ಅವರಿಗೆ ಜಾಗ, ಕಡಿಮೆ ಮಾರಿದವನಿಗೆ ಬೀದಿ.

ಲಾಲಸಾಬರ ತಂದೆ ಅಮೀನಸಾಬರೂ ಇದೇ ಛಪ್ಪರದಲ್ಲಿ ಬಡಿದವರು. ಮಗನ ಕೈ ಬಿಲ್ಲಿನ ನಡುವಿಗೆ ಎಟುಕದ ಕಾಲದಲ್ಲೇ ಅವನನ್ನು ಕರೆತಂದು ಅರಳೆಯಲ್ಲಿನ ಬೀಜದ ಚೂರು ಆರಿಸಲು ಕೂರಿಸಿದರು. ಈಗ ಲಾಲಸಾಬರಿಗೆ ಅರವತ್ತರ ಹತ್ತಿರ. ಎದೆಯಲ್ಲಿ ಹತ್ತಿಯ ದೂಳು ಮನೆ ಮಾಡಿದೆ. ಕೆಮ್ಮು ಬಂದಾಗ ಬಿಲ್ಲು ನಿಲ್ಲಿಸಿ, ಅಂಗಿಯ ಜೇಬಿನಿಂದ ಬೆಲ್ಲದ ಚೂರು ತೆಗೆದು ಬಾಯಿಗೆ ಹಾಕಿಕೊಂಡು ಮತ್ತೆ ಶುರುಮಾಡುತ್ತಾರೆ. "ಊಟದಾಗೂ ಹತ್ತಿ, ನೀರಾಗೂ ಹತ್ತಿ. ನನ್ನ ಒಳಗ ಒಂದು ತಲಿದಿಂಬಿಗೆ ಸಾಲೂವಷ್ಟು ಐತಿ ನೋಡ್ರಿ," ಎಂದು ಅವರೇ ನಗುತ್ತಾರೆ.

ಹತ್ತಿ ಎಲ್ಲರಿಗೂ ಒಂದೇ. ಸಾವಕಾರರು ತೂಗಿ ಕೊಡುವುದು ಗಾದಿಗೆ ಹತ್ತು ಸೇರು, ಹೆಚ್ಚಿಲ್ಲ ಕಡಿಮೆಯಿಲ್ಲ. ವ್ಯತ್ಯಾಸವಿರುವುದು ಕೈಯಲ್ಲಿ. ಕಾಸಿಮ ಎರಡು ಸುತ್ತು ಬಡಿದು, ಹತ್ತಿಯನ್ನು ರಾಶಿಯಾಗಿಯೇ ಚೀಲಕ್ಕೆ ತುಂಬಿ, ಅಗಲಗಲ ಹೊಲಿಗೆ ಹಾಕುತ್ತಾನೆ. ಗಾದಿ ಹೊಸ ಅಳಿಯನ ಹಾಗೆ ಎದೆಯುಬ್ಬಿಸಿ ನಿಲ್ಲುತ್ತದೆ. ದಿನಕ್ಕೆ ಮೂರು ಎತ್ತುತ್ತಾನೆ. ಲಾಲಸಾಬರು ನಾಲ್ಕು ಸುತ್ತು ಬಡಿದು, ಎಳೆಗಳನ್ನು ಪದರು ಪದರಾಗಿ ಹಾಸಿ, ಬೆನ್ನು ಬೀಳುವ ನಡುಭಾಗವನ್ನು ಅಂಗೈಯಿಂದ ತಟ್ಟಿ ತಟ್ಟಿ ಸಮ ಮಾಡಿ, ದಬ್ಬಣದಿಂದ ಒತ್ತೊತ್ತಾಗಿ ಹೊಲಿಯುತ್ತಾರೆ. ದಿನಕ್ಕೆ ಒಂದೇ ಗಾದಿ. ಅದೂ ತೆಳ್ಳಗೆ, ಮುದುಡಿಕೊಂಡು, ಅಂಗಡಿಯ ಮೂಲೆಯಲ್ಲಿ ಯಾರ ಕಣ್ಣಿಗೂ ಬೀಳದ ಹಾಗೆ ಬಿದ್ದಿರುತ್ತದೆ.

ಗಿರಾಕಿ ಬರುತ್ತಾನೆ. ಒಂದು ಗಾದಿಗೆ ಅಂಗೈ ಊರಿ ಒತ್ತುತ್ತಾನೆ, ಕೈ ಮೊಣಕೈ ತನಕ ಇಳಿಯುತ್ತದೆ, ಮುಖ ಅರಳುತ್ತದೆ. ಲಾಲಸಾಬರ ಗಾದಿಗೆ ಒತ್ತುತ್ತಾನೆ, ಕೈ ಅಲ್ಲೇ ನಿಲ್ಲುತ್ತದೆ. "ಇದರಾಗ ಹತ್ತಿನಽ ಇಲ್ಲಲ್ರಿ" ಎಂದು ಮುಂದೆ ಸರಿಯುತ್ತಾನೆ. ಒಂದು ಮಳೆಗಾಲ ದಾಟುವುದರೊಳಗೆ ಉಬ್ಬಿದ ಗಾದಿ ಗಂಟು ಗಂಟಾಗಿ, ನಡುವೆ ತಗ್ಗು ಬಿದ್ದು ತೊಟ್ಟಿಲಾಗುತ್ತದೆ. ಆದರೆ ಅದು ತೊಟ್ಟಿಲಾಗುವುದು ಗಿರಾಕಿಯ ಮನೆಯಲ್ಲಿ, ಅಂಗಡಿಯಲ್ಲಲ್ಲ. ಮೇಲೆ ಥಳಕು, ಒಳಗೆ ಹುಳುಕು ಎನ್ನುವುದು ಮಲಗಿದ ಮೇಲಲ್ಲವೇ ಗೊತ್ತಾಗುವುದು!

ಮಾರಾಟದ ಲೆಕ್ಕಕ್ಕೆ ಪಂಢರಿನಾಥರದೇ ಒಂದು ಪದ್ಧತಿ. ಪ್ರತಿ ಗಾದಿಯ ಮೂಲೆಗೆ ಅದನ್ನು ಹೊಲಿದವನ ಬಣ್ಣದ ನೂಲಿನ ಗೊಂಡೆ ಇರುತ್ತದೆ. ಕಾಸಿಮನದು ಕೆಂಪು, ಮಜೀದನದು ಹಳದಿ, ಲಾಲಸಾಬರದು ನೀಲಿ. ಗಾದಿ ಮಾರಿದ ಕೂಡಲೇ ಸಾವಕಾರರು ಗೊಂಡೆ ಕತ್ತರಿಸಿ ಗದ್ದುಗೆಯ ಹಿಂದೆ ಅವನವನ ಮೊಳೆಗೆ ಸಿಕ್ಕಿಸುತ್ತಾರೆ. ಕೆಂಪು ಗೊಂಡೆಗಳು ಈಗ ಟಾಂಗಾ ಕುದುರೆಯ ಬಾಲದಷ್ಟು ದಟ್ಟವಾಗಿವೆ. ನೀಲಿ ಮೊಳೆಯಲ್ಲಿರುವುದು ಇಲಿಯ ಬಾಲದಷ್ಟೂ ಇಲ್ಲ.

"ಗಾದಿಯೊಳಗ ಹೊಕ್ಕು ನೋಡ್ಲಿಕ್ಕೆ ನನಗಾಗ್ತದೇನು?" ಎಂದು ಕೇಳುತ್ತಾರೆ ಪಂಢರಿನಾಥರು. ಕೆಟ್ಟ ಮನುಷ್ಯರೇನಲ್ಲ, ಅಂಗಡಿ ನಡೆಸಬೇಕಾದವರು. "ಮಂದಿ ಯಾವುದನ್ನ ಒಯ್ತಾರೋ ಅದಽ ಛಲೋದು. ಮೊಳಿ ಸುಳ್ಳು ಹೇಳೂದಿಲ್ಲ."

ಕಾಸಿಮನನ್ನೂ ದೂರುವಂತಿಲ್ಲ. "ಗಿರಾಕಿಗೆ ದಪ್ಪಂದು ಬೇಕು, ದಪ್ಪಂದು ಕೊಡತೇನ್ರಿ," ಎನ್ನುತ್ತಾನೆ. "ಕಾಕಾನ ಕೈ ನನಗ ಬರಂಗಿಲ್ಲಂತಲ್ಲ, ಅವರಽ ಕಲಿಸ್ಯಾರ. ಆದ್ರ ಅವರಂಗ ಹೊಲದ್ರ ಮಂದಿ ಬೆನ್ನು ಉಳೀತೈತಿ, ನನ್ನ ಮನಿ ಒಲಿ ಆರತೈತಿ." ಹೇಳಿ, ತಪ್ಪು ಮಾಡಿದವನ ಹಾಗೆ ಲಾಲಸಾಬರ ಕಡೆ ನೋಡುತ್ತಾನೆ. ಲಾಲಸಾಬರು ಜೇಬಿನ ಬೆಲ್ಲದಲ್ಲಿ ಒಂದು ಚೂರು ಮುರಿದು ಅವನಿಗೂ ಕೊಡುತ್ತಾರೆ.

ಇನ್ನು ಒಂದು ತಿಂಗಳ ಹಿಂದೆ ನಡೆದದ್ದನ್ನು ಹೇಳಬೇಕು. ಅದನ್ನು ಹೇಳುವಾಗ ಲಾಲಸಾಬರಿಗಿಂತ ಅವರ ಹೆಂಡತಿ ಹಾಜರಾಬಿಗೇ ಹೆಚ್ಚು ನಗು, ಸ್ವಲ್ಪ ಸಿಟ್ಟೂ ಕೂಡ. ಏಕೆಂದರೆ ಯುಕ್ತಿ ಅವರದು.

"ಮೊಳಿ ನೋಡಿ ಬಂದು ಊಟಾನಽ ಬಿಟ್ಟು ಕುಂತ್ರು," ಎಂದು ಅವರು ನೆನೆಯುತ್ತಾರೆ. "ನಾ ಅಂದೆ, ಇಷ್ಟ ವರ್ಷ ನಾ ಏನರ ಅಂದೇನ್ರಿ? ಒಂದಽ ಒಂದು ಗಾದಿ ಕಾಸಿಮನಂಗ ಹೊಲದು ಇಡ್ರಿ. ಹೆಂಗ ಮಾರಿ ಹೊಕ್ಕೈತಿ ನೋಡೂಣು. ಈ ವಯಸ್ಸಿನ್ಯಾಗ ಬಿಲ್ಲು ಹೊತ್ತು ಓಣಿ ತಿರಗತೀರೇನು, ಆ ಕೆಮ್ಮು ಕಟಗೊಂಡು?"

ಲಾಲಸಾಬರು ಮಾತು ಕೇಳಿದರು. ಎರಡೇ ಸುತ್ತು ಬಡಿದು, ರಾಶಿ ತುಂಬಿ, ಅಗಲಗಲ ಹೊಲಿದು, ಮೂಲೆಗೆ ತಮ್ಮ ನೀಲಿ ಗೊಂಡೆ ಕಟ್ಟಿದರು. ಗಾದಿ ಊಟದ ಹೊತ್ತಿನೊಳಗೆ ಮಾರಿಹೋಯಿತು. ಶಿರಗುಪ್ಪಿಯ ರೈತ ಗುಡ್ಡಪ್ಪ ಮಗಳ ಲಗ್ನಕ್ಕೆಂದು ಬಂದವನು ಅದನ್ನು ಒಮ್ಮೆ ಒತ್ತಿ ನೋಡಿ, ಚೌಕಾಶಿಯನ್ನೂ ಮರೆತು ಚಕ್ಕಡಿಗೆ ಹಾಕಿಸಿಕೊಂಡ. ಕಾಸಿಮ ಕುಣಿದಾಡಿದ. ಸಾವಕಾರರು ಗೊಂಡೆ ಕತ್ತರಿಸುತ್ತ, "ಈಗ ದಾರಿಗೆ ಬಂದಿ ನೋಡು" ಎಂದರು. ಲಾಲಸಾಬರಿಗೂ ಒಂದು ಸಂಜೆಯ ಮಟ್ಟಿಗೆ ಖುಷಿಯಾಯಿತು. ಆಗಲಿಲ್ಲ ಎಂದರೆ ಸುಳ್ಳಾದೀತು.

ಆಮೇಲೆ ಆ ಖುಷಿ ಕಲ್ಲಾಯಿತು. "ಹಾಸಿಗಿ ಮ್ಯಾಲ ಅಡ್ಡಾದೆ, ಆ ಗಾದಿ ಕಣ್ಣಮುಂದ ಬಂತ್ರಿ," ಎನ್ನುತ್ತಾರೆ. "ನಡಬರಕ ಗಂಟು ಬಿಟ್ಟಿದ್ದು ಈ ಕೈಗೆ ಗೊತ್ತಿತ್ತಲ್ಲ. ಅದು ಗಂಡನ ಮನಿಗೆ ಹೋಗೂ ಹುಡುಗಿದು. ಮಳಿಗಾಲಕ್ಕ ಅದು ಗಂಟು ಕಟ್ಟತೈತಿ. ಆಗ ಅತ್ತಿ, 'ನಿಮ್ಮಪ್ಪ ಎಂಥಾದ್ದು ಕೊಟ್ಟು ಕಳಿಸ್ಯಾನ ನೋಡು' ಅಂತಾಳ. ಗಾದಿ ಹೊಲದಾವ ಲಾಲಸಾಬ ಅಂತ ಆಕಿಗೇನು ಗೊತ್ತು? ಬೈಸಿಕೊಳ್ಳಾಕಿ ಆ ಕೂಸು."

ಬಂದ ಅಮಾವಾಸ್ಯೆಗೆ ಅಂಗಡಿಗೆ ರಜೆ. ಲಾಲಸಾಬರು ಬಿಲ್ಲನ್ನು ಹೆಗಲಿಗೇರಿಸಿಕೊಂಡು, ಹಾಜರಾಬಿ ಚಳಿಗಾಲದ ಹೊದಿಕೆಗೆಂದು ಹಿಡಿ ಹಿಡಿಯಾಗಿ ಕೂಡಿಟ್ಟ ಹತ್ತಿಯ ಗಂಟನ್ನು ಬಗಲಿಗೆ ಸಿಕ್ಕಿಸಿಕೊಂಡು, ಶಿರಗುಪ್ಪಿಯ ದಾರಿ ಹಿಡಿದರು. ಹಾಜರಾಬಿ ಬೇಡವೆನ್ನಲಿಲ್ಲ. "ಬ್ಯಾಡಂದ್ರ ಕೇಳೂ ಗಂಡಸೇನ್ರಿ ಅದು?" ಎಂಬುದು ಅವರ ವಿವರಣೆ.

ಬಿಸಿಲೇರುವ ಹೊತ್ತಿಗೆ ಗುಡ್ಡಪ್ಪನ ಮನೆಯೆದುರು ನಿಂತು ಬಂದ ಕೆಲಸ ಹೇಳಿದರೆ ಅವನು ನಂಬಲೊಲ್ಲ. ಮಾರಿದ ಗಾದಿಯನ್ನು ಪುಕ್ಕಟೆ ಬಿಚ್ಚಿ ಹೊಲಿಯುತ್ತೇನೆಂದು ಊರು ಬಿಟ್ಟು ಊರಿಗೆ ಬರುವ ಪಿಂಜಾರನನ್ನು ಯಾರು ಕಂಡಿದ್ದಾರೆ? ಅದೂ ಅಮಾವಾಸ್ಯೆಯ ದಿನ, ಲಗ್ನದ ಹಾಸಿಗೆ ಬಿಚ್ಚುವುದು! ಕೊನೆಗೆ ಅವನ ತಾಯಿ, "ಇಷ್ಟು ದೂರ ನಡಕೊಂಡು ಬಂದಾನ, ಏನರ ಇದ್ದೀತು, ಬಿಚ್ಚಲಿ ಬಿಡೋ. ಹೊತ್ತು ಮುಳಗೂದ್ರಾಗ ಹೊಲದರ ಆತು" ಎಂದಮೇಲೆ ಅಂಗಳದ ಬೇವಿನ ಟೊಂಗೆಗೆ ಬಿಲ್ಲು ಕಟ್ಟಲು ಬಿಟ್ಟ.

ಲಾಲಸಾಬರು ಗಾದಿಯನ್ನು ಬಿಚ್ಚಿದರು, ನಾಲ್ಕು ಸುತ್ತು ಬಡಿದರು, ಗಂಟಿನಲ್ಲಿ ತಂದ ಹತ್ತಿಯನ್ನೂ ನಡುಭಾಗಕ್ಕೆ ಸೇರಿಸಿ ಪದರು ಹಾಸಿ ಹೊಲಿದರು. ಊಟದ ನೆನಪೂ ಆಗಲಿಲ್ಲ. ಇಳಿಹೊತ್ತಿಗೆ ಕೆಲಸ ಮುಗಿಸಿ, ಬೆವರೊರೆಸಿಕೊಂಡು, ಮೆಚ್ಚುಗೆಗೆ ಕಾಯುವವರ ಹಾಗೆ ತಲೆಯೆತ್ತಿ ನೋಡಿದರೆ ಗುಡ್ಡಪ್ಪನ ಮುಖ ಕಪ್ಪಿಟ್ಟಿತ್ತು.

"ಏ ಸಾಬಣ್ಣ, ಏನಿದು? ಮುಂಜಾನಿ ಗುಡ್ಡದಂಗ ಇತ್ತು, ಈಗ ರೊಟ್ಟಿಯಂಗ ಆಗೇತಿ. ಹತ್ತಿ ಎಲ್ಲಿ ಹೋತು?"

"ಹತ್ತಿ ಎಲ್ಲೂ ಹೋಗಿಲ್ರಿ ಅಣ್ಣಾರ, ಒಳಗಽ ಐತಿ."

"ಒಳಗ ಇದ್ರ ಕಾಣಬೇಕಲ್ಲ? ಬರುವಾಗ ಬಗಲಾಗ ಗಂಟು ಯಾತಕ್ಕ ತಂದಿದ್ದಿ? ತುಂಬಿಕೊಂಡು ಹೋಗಾಕೇನು?"

ಅಕ್ಕಪಕ್ಕದವರು ಕೂಡಿದರು. ಕಳ್ಳ ಎಂಬ ಮಾತನ್ನು ಯಾರೋ ಹಿಂದಿನಿಂದ ಅಂದೇಬಿಟ್ಟರು. ಅಂದವರು ಯಾರೆಂದು ಲಾಲಸಾಬರು ತಿರುಗಿ ನೋಡಲಿಲ್ಲ. ಅಪ್ಪನ ಕಾಲದಿಂದ ಊರ ಹತ್ತಿಯೆಲ್ಲ ಕೈಯಲ್ಲಿ ಹಾದುಹೋಗಿದ್ದರೂ ಆ ಮಾತು ಅವರ ಕಿವಿಗೆ ಬಿದ್ದದ್ದು ಅದೇ ಮೊದಲು. ಅದನ್ನು ಹೇಳುವಾಗ ಈಗಲೂ ಅವರ ಕೊಡತಿ ನಿಲ್ಲುತ್ತದೆ. "ನಾ 'ತೂಗ್ರಿ' ಅಂದೆ."

ಹತ್ತಿ ಬೆಳೆಯುವ ಮನೆ, ಪಡಸಾಲೆಯ ತೊಲೆಗೆ ತಕ್ಕಡಿ ತೂಗುತ್ತಲೇ ಇತ್ತು. ಗಾದಿಯನ್ನು ಸುರುಳಿ ಸುತ್ತಿ ತೂಗಿದರು. ಅಂಗಡಿಯಲ್ಲಿ ತೂಗಿ ಕೊಟ್ಟದ್ದು ಗುಡ್ಡಪ್ಪನಿಗೆ ಚೆನ್ನಾಗಿ ನೆನಪಿತ್ತು. ಗಾದಿ ಈಗ ಅದಕ್ಕಿಂತ ಭಾರವಿತ್ತು. ತೂಕದ ಕಲ್ಲು ಅತ್ತಿತ್ತ ಬದಲಿಸಿ ಇನ್ನೊಮ್ಮೆ ತೂಗಿದ. ಆಗಲೂ ಭಾರವೇ. "ತಕ್ಕಡಿ ಕೆಟ್ಟೈತೇನು?" ಎಂದ.

"ತಕ್ಕಡಿ ಅಲ್ಲೋ, ನಿನ್ನ ಕಣ್ಣು ಕೆಟ್ಟಾವ," ಎಂದಳು ತಾಯಿ. ಲಾಲಸಾಬರಿಗೆ ಒಂದು ತಂಬಿಗೆ ಮಜ್ಜಿಗೆ ಕೊಟ್ಟಳು. ಅವರು ಅದನ್ನು ಕುಡಿದು, ಬರಿದಾದ ಗಂಟಿನ ಬಟ್ಟೆಯನ್ನು ಕೊಡವಿ ತೋರಿಸಿ, ಹುಬ್ಬಳ್ಳಿಯ ದಾರಿ ಹಿಡಿದರು. ಈ ಸುದ್ದಿಯನ್ನು ಸಾವಕಾರರ ಮುಂದೆ ಎತ್ತಲಿಲ್ಲ. ಹಾಜರಾಬಿಗೆ ಮಾತ್ರ ಹೇಳಿದರು. ಹತ್ತಿ ಹೋದದ್ದಕ್ಕೆ ಅವರು ಸ್ವಲ್ಪ ಹೊತ್ತು ಗೊಣಗಿ, "ಹೋಗ್ಲಿ ಬಿಡ್ರಿ, ಕಳ್ಳ ಅನ್ನಿಸಿಕೊಂಡ್ರೂ ನಿದ್ದಿ ಬಂತಲ್ಲ" ಎಂದರಂತೆ.

ಈಗ ಇವತ್ತಿನ ದಿನಕ್ಕೆ ಬರೋಣ. ಬಿಸಿಲು ಓಣಿಗೆ ಇಳಿಯುವ ಹೊತ್ತಿಗೆ ಪಂಢರಿನಾಥರು ಸ್ನಾನ, ಪೂಜೆ ಮುಗಿಸಿ ಗದ್ದುಗೆಗೆ ಬಂದು ಕೂರುತ್ತಾರೆ. ಮೊಳೆಗಳನ್ನೊಮ್ಮೆ ನೋಡುತ್ತಾರೆ. ನೋಡಬೇಕಾದ್ದೇನೂ ಇಲ್ಲ, ಕುರುಡನಿಗೂ ಕಾಣುವ ಲೆಕ್ಕ. ಒಂದು ಎಲೆ ಕಾಸಿಮನ ಮುಂದೆ ಸರಿಯುತ್ತದೆ, ಇನ್ನೊಂದು ಮಜೀದನ ಮುಂದೆ. ಮೂರನೆಯ ಎಲೆ ಇಲ್ಲ. ಕಾಸಿಮ ತನ್ನ ಎಲೆಯನ್ನು ಮುಟ್ಟದೆ ಹಾಗೆಯೇ ನಿಂತಿದ್ದಾನೆ.

"ತಗೊಳ್ಳೋ ಹುಚ್ಚಾ, ನೀ ದುಡದದ್ದು," ಎಂದು ಲಾಲಸಾಬರೇ ಹೇಳುತ್ತಾರೆ. ಆಮೇಲೆ ಛಪ್ಪರಕ್ಕೆ ಹೋಗಿ, ಹಗ್ಗದಿಂದ ಬಿಲ್ಲು ಬಿಚ್ಚತೊಡಗುತ್ತಾರೆ. ಬೆರಳುಗಳಿಗೆ ಗಂಟು ಬೇಗ ಸಿಗುವುದಿಲ್ಲ.

ಆಗಲೇ ಅಂಗಡಿಯ ಮುಂದೆ ಚಕ್ಕಡಿ ನಿಲ್ಲುತ್ತದೆ. ಇಳಿದವನು ಗುಡ್ಡಪ್ಪ, ಕೈಯಲ್ಲಿ ಒಂದು ಹತ್ತಿಯ ಗಂಟು.

"ಸಾವಕಾರ್ರ, ನಿಮ್ಮ ಪಿಂಜಾರಣ್ಣ ಎಲ್ಲದಾನ್ರಿ? ಅಂವನ ಹತ್ತಿ ನಮ್ಮ ಮಗಳ ಗಾದ್ಯಾಗ ಉಳದೈತಿ. ಮಂದಿ ಹತ್ತಿ ಮ್ಯಾಲ ನಮ್ಮ ಕೂಸು ಮಲಗಬಾರದು ಅಂತ ನಮ್ಮವ್ವ ಒಂದಽ ಸಮನ ಜೀವ ತಿಂತಾಳ. ಇದು ನಮ್ಮ ಹೊಲದ್ದು, ಅಂವಗ ಕೊಡ್ರಿ."

"ಅಂವನ ಹತ್ತಿ ನಿನ್ನ ಗಾದ್ಯಾಗ ಹೆಂಗ ಬಂತೋ?" ಎನ್ನುತ್ತಾರೆ ಪಂಢರಿನಾಥರು. ಗುಡ್ಡಪ್ಪ ಎಲ್ಲವನ್ನೂ ಹೇಳುತ್ತಾನೆ, ಕಳ್ಳ ಅಂದದ್ದನ್ನೂ ಬಿಡದೆ. ಕೇಳುತ್ತ ಕೇಳುತ್ತ ಸಾವಕಾರರ ಮುಖ ಕೆಂಪಾಗುತ್ತದೆ.

"ಲಾಲಸಾಬ! ಮಾರಿದ ಮಾಲಿನ ಬೆನ್ನು ಹತ್ತಿ ಶಿರಗುಪ್ಪಿಗೆ ಹೋಗಿದ್ದ್ಯಾ? ನಮ್ಮ ಮಾಲು ಕೆಟ್ಟದ್ದು ಅಂತ ಊರೂರು ಸಾರ್ಲಿಕ್ಕೆ? ಅಂಗಡಿ ಮರ್ಯಾದಿ ಏನಾತು?"

ಲಾಲಸಾಬರು ಕೈಯಲ್ಲಿ ಅರ್ಧ ಬಿಚ್ಚಿದ ಹಗ್ಗ ಹಿಡಿದೇ ಹೊರಗೆ ಬರುತ್ತಾರೆ. "ಅಂಗಡಿ ಮರ್ಯಾದಿ ಉಳಸಾಕ ಹೋಗಿದ್ದೆ ಅಂತ ಸುಳ್ಳು ಹೇಳಂಗಿಲ್ರಿ ಸಾವಕಾರ್ರ. ನನ್ನ ನಿದ್ದಿ ಉಳಿಸಿಕೊಳ್ಳಾಕ ಹೋಗಿದ್ದೆ."

"ನೀ ಹೇಳೋ," ಎಂದು ಸಾವಕಾರರು ಗುಡ್ಡಪ್ಪನ ಕಡೆ ತಿರುಗುತ್ತಾರೆ, "ಮೊದಲಿಂದು ಛಲೋ ಇತ್ತೋ, ಈಗಿಂದು ಛಲೋ ಅದನೋ?"

ಗುಡ್ಡಪ್ಪ ತಲೆ ಕೆರೆದುಕೊಳ್ಳುತ್ತಾನೆ. "ಖರೇ ಹೇಳಬೇಕಂದ್ರ, ನೋಡಾಕ ಮೊದಲಿಂದಽ ಛಲೋ ಇತ್ರಿ. ಆ ಆಸೆ ಇನ್ನೂ ಹೋಗಿಲ್ಲ. ಆದ್ರ ಲಗ್ನದ ಮುಂಚಿನ ದಿನ ನಮ್ಮವ್ವ 'ಹೆಂಗೈತಿ ನೋಡೂಣು' ಅಂತ ಅದರ ಮ್ಯಾಲ ಅಡ್ಡಾದ್ಳು. ಹಗಲ ನಿದ್ದಿ ಅಂದ್ರ ಬೈಯಾಕಿ, ದೀಪ ಹಚ್ಚೂ ಹೊತ್ತಿಗೆ ಎಬ್ಬಿಸಬೇಕಾತು."

ಕಾಸಿಮ ಕಿಸಕ್ಕನೆ ನಗುತ್ತಾನೆ. ಪಂಢರಿನಾಥರು ನಗುವುದಿಲ್ಲ. ಹೊದ್ದ ಶಲ್ಯ ಕೊಡವಿ ಎದ್ದು ಊಟಕ್ಕೆ ಮನೆಗೆ ನಡೆಯುತ್ತಾರೆ. ಲಾಲಸಾಬರು ಗುಡ್ಡಪ್ಪನ ಗಂಟು ಬಿಚ್ಚಿ, ಹತ್ತಿಯನ್ನು ಎರಡು ಬೆರಳಲ್ಲಿ ಎಳೆದು ನೋಡಿ, "ಛಲೋ ಎಳಿ ಐತ್ರಿ ಅಣ್ಣಾರ, ನಮ್ಮಾಕಿ ಸಿಟ್ಟು ಇಳೀತೈತಿ" ಎಂದು ಅವನನ್ನು ಕಳಿಸಿಕೊಡುತ್ತಾರೆ. ಮತ್ತೆ ಛಪ್ಪರಕ್ಕೆ ಹೋಗಿ ಬಿಲ್ಲನ್ನು ಪೂರ್ತಿ ಬಿಚ್ಚಿ ಗೋಡೆಗೆ ಒರಗಿಸುತ್ತಾರೆ. ಹೋಗುವ ಮೊದಲು ನೆಲದಲ್ಲಿ ಚೆಲ್ಲಿದ ಹತ್ತಿಯನ್ನು ಗುಡಿಸುತ್ತಿದ್ದಾರೆ. ಇನ್ನೊಬ್ಬರ ಜಾಗವಾಗುವುದನ್ನು ಹೊಲಸಾಗಿ ಬಿಟ್ಟು ಹೋಗಲು ಅವರಿಗೆ ಮನಸ್ಸಿಲ್ಲ.

ಊಟವಾದ ಮೇಲೆ ಒಂದು ನಿದ್ದೆ ತೆಗೆಯದೆ ಪಂಢರಿನಾಥರು ಅಂಗಡಿಗೆ ಬಂದ ದಿನವಿಲ್ಲ. ಇವತ್ತು ಬಿಸಿಲಿನಲ್ಲೇ ಬರುತ್ತಾರೆ. ಗದ್ದುಗೆಗೆ ಹೋಗದೆ ನೇರ ಛಪ್ಪರದ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಕೈಯಲ್ಲೊಂದು ಮುತ್ತಲ ಎಲೆ. ಅದನ್ನು ಹೊಸ್ತಿಲ ಮೇಲಿಟ್ಟು ಒಳಕ್ಕೆ ಸರಿಸುತ್ತಾರೆ. ಅದರ ಮೇಲೆ ತಂತಿಯ ಸುರುಳಿಯಿದೆ.

"ಎರಡಽ ಅಂದಿದ್ರಿ," ಎನ್ನುತ್ತಾರೆ ಲಾಲಸಾಬರು, ಕಸಬರಿಗೆ ಕೈಯಲ್ಲಿ ಹಿಡಿದೇ.

"ಅಂದಿದ್ದೆ. ಮೂರನೇದರ ಖರ್ಚು ನನಗಿರ್ಲಿ. ಮುಂದಿನ ಹಂಗಾಮಿಗೂ ನಿನ್ನ ಮೊಳಿ ಹಿಂಗಽ ಇರ್ತದ, ಅದೂ ನನಗ ಗೊತ್ತದ," ಎಂದ ಸಾವಕಾರರು ಮುಂದಿನದಕ್ಕೆ ದನಿ ಇಳಿಸುತ್ತಾರೆ. "ಮಧ್ಯಾಹ್ನ ಅಡ್ಡಾದೆ. ನಾ ಮಲಗೂ ಗಾದಿ ಯಾರದು ಅಂತ ನಮ್ಮ ಮನಿಯಾಕಿ ತಾರಾಬಾಯಿನ್ನ ಕೇಳಿದೆ. 'ನಮ್ಮ ಲಗ್ನದ್ದಲ್ಲೇನ್ರಿ, ಲಾಲಸಾಬ ಹೊಲದದ್ದು. ವರ್ಷಾ ಬಿಸಲಿಗೆ ಹಾಕತೇನಿ, ಇನ್ನೂ ಒಮ್ಮೆರ ಹಿಂಜಿಸಿಲ್ಲ' ಅಂದ್ಳು."

"ಹೌದ್ರಿ. ನಾನಽ ಹೊಲದದ್ದು."

"ಇಷ್ಟು ವರ್ಷ ಅದರ ಮ್ಯಾಲ ಮಲಗೇನಿ. ಯಾರು ಹೊಲದಾರ ಅಂತ ಒಂದು ದಿನಾನೂ ನನಗ ನೆನಪಾಗ್ಲಿಲ್ಲಲ್ಲೋ ಲಾಲಸಾಬ."

ಲಾಲಸಾಬರು ಕಸಬರಿಗೆ ಕೆಳಗಿಟ್ಟು, ಎರಡೂ ಕೈ ಅಂಗಿಗೆ ಒರೆಸಿಕೊಂಡು ತಂತಿಯ ಸುರುಳಿಯನ್ನು ಎತ್ತಿಕೊಳ್ಳುತ್ತಾರೆ. ಅವರ ಮುಖದಲ್ಲಿ ದೂರಿಲ್ಲ. ಹೊಗಳಿಸಿಕೊಂಡವರ ಸಂಕೋಚವಿದೆ.

"ನೆನಪಾಗಬಾರದ್ರಿ ಸಾವಕಾರ್ರ. ಮಲಗಿದಾವಗ ಪಿಂಜಾರ ನೆನಪಾದ್ರ, ಗಾದಿ ಕೆಟ್ಟೈತಿ ಅಂತ ಅರ್ಥ."